ಸೀಟಿನ ಕೆಳಗಿನ ಬಿಸಿ

ನರ್ಮದಾಬಾಯಿಯ ಹತ್ತಿರ ಕಾರಣಗಳಿಗೇನೂ ಬರ ಇರಲಿಲ್ಲ. ಆದರೆ ಆಕೆ ಹೇಳಿದ ಕಾರಣವೆಲ್ಲ ಎರಡು ದಿನದಲ್ಲಿ ರಿಪೇರಿಯಾಗಿ ವಾಪಸು ಬರುತ್ತಿತ್ತು. ಸೊಂಟ ನೋಯುತ್ತದೆ ಅಂದಳು, ಡ್ರೈವರ್ ಸೀಟಿನ ಮೇಲೆ ಮರದ ಮಣಿಗಳ ಹೊದಿಕೆ ಬಂದು ಕೂತಿತು. ಮುಂಜಾನೆಯ ಮಬ್ಬಿನಲ್ಲಿ ರಸ್ತೆ ಸರಿಯಾಗಿ ಕಾಣುವುದಿಲ್ಲ ಅಂದದ್ದಕ್ಕೆ ಹೆಡ್‌ಲೈಟಿನ ಬಲ್ಬು ಬದಲಾಯಿತು, ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದದ್ದೂ ಆಯಿತು. ಆ ಪುಣ್ಯಾತ್ಮನೋ, ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವ ಕಣ್ಣು ನಾನು ನೋಡೇ ಇಲ್ಲ ಅಂದುಬಿಟ್ಟ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಪುಣೆಯ ಚಿಂಚವಾಡದ ಆ ಸೊಸೈಟಿಯ ಹೆಂಗಸರೆಲ್ಲ ಹೇಳುತ್ತಿದ್ದರು. ನರ್ಮದಾಬಾಯಿ ಹೌದು ಅನ್ನುತ್ತಿದ್ದಳು. ಅಲ್ಲ ಅನ್ನಲು ಗಂಡ ರಾಘಣ್ಣ ಜಾಗವನ್ನೇ ಉಳಿಸಿರಲಿಲ್ಲ.

ಆಕೆಗೆ ಬೇಕಾಗಿದ್ದದ್ದು ಇಷ್ಟೇ: ಜೂನ್‌ನಲ್ಲಿ ಶಾಲೆ ಮತ್ತೆ ಶುರುವಾದಾಗ ಸ್ಕೂಲ್ ವ್ಯಾನು ಓಡಿಸುವುದು ತಾನಾಗಿರಬಾರದು. ಯಾಕೆ ಎಂದು ಕೇಳಿದರೆ, ಸಾಕಾಗಿದೆ. ಅಷ್ಟೇ. ಆದರೆ ಆ ಮನೆಯಲ್ಲಿ ಸಾಕಾಗಿದೆ ಎಂಬ ಮಾತಿಗೆ ಕಾರಣದ ಪಟ್ಟ ಇರಲಿಲ್ಲ. ಜ್ವರ ಒಂದು ಕಾರಣ, ಕಾಲುನೋವು ಒಂದು ಕಾರಣ. ಒಲ್ಲೆ ಅನ್ನುವುದು ಕಾರಣವೇ? ಹಾಗಾಗಿ ಆಕೆ ಸುತ್ತಿ ಬಳಸಿ ಏನಾದರೊಂದು ತೊಂದರೆ ಹೇಳುವುದು, ರಾಘಣ್ಣ ಪಾನಾ, ಪಕ್ಕಡದಂಥ ಹತ್ಯಾರ ಎತ್ತಿಕೊಂಡು ಆ ತೊಂದರೆಯ ಬೆನ್ನು ಹತ್ತುವುದು, ಹೀಗೇ ನಡೆದಿತ್ತು.

ವ್ಯಾನು ಆ ಮನೆಗೆ ಬಂದದ್ದು ಕಷ್ಟದ ಕಾಲದಲ್ಲಿ. ರಾಘಣ್ಣ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಗಾಡಿಗಳ ಸೈಲೆನ್ಸರ್, ಹೊಗೆ ಕೊಳವೆ ಮಾಡುವ ವಿಭಾಗದಲ್ಲಿದ್ದ. ಅದು ಒಂದು ದಿನ ಬಾಗಿಲು ಹಾಕಿತು. ಊರಿಗೆ ಹೊರಟಿದ್ದ ನೆರೆಮನೆಯವರು ತಮ್ಮ ಸ್ಕೂಲ್ ವ್ಯಾನನ್ನು ಗಿರಾಕಿಗಳ ಸಮೇತ ಇವರ ಪಾಲಿಗೆ ಬಿಟ್ಟರು. ರಾಘಣ್ಣನಿಗೆ ಹಿಂದೊಮ್ಮೆ ಫಿಟ್ಸ್ ಬಂದಿದ್ದರಿಂದ ಸ್ಟೇರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರು. ಉಳಿದವಳು ನರ್ಮದಾಬಾಯಿ. ಧಾರವಾಡದ ಅಗ್ರಹಾರದಂಥ ಓಣಿಯಲ್ಲಿ ಸೈಕಲ್ಲನ್ನೂ ತುಳಿಯದೆ ಬೆಳೆದ ಹೆಂಗಸು ಕಚ್ಚೆ ಕಟ್ಟಿ ಡ್ರೈವಿಂಗ್ ಕಲಿತಳು. ಹಿಗ್ಗಿನಿಂದಲೇ ಕಲಿತಳು, ಸುಳ್ಳು ಹೇಳಬಾರದು. ಮೊದಲ ಸಲ ಒಬ್ಬಳೇ ಹೆದ್ದಾರಿ ದಾಟಿದ ದಿನ ಮನೆಯಲ್ಲಿ ಶಿರಾ ಮಾಡಿದ್ದಳು. ಆಮೇಲೆ ಮಗಳು ಓದು ಮುಗಿಸಿ, ಮದುವೆಯಾಗಿ ನಾಶಿಕಕ್ಕೆ ಹೋದಳು, ಮನೆಯ ದುಡ್ಡಿನ ಗರಜೂ ತೀರಿತು. ವ್ಯಾನು ಮಾತ್ರ ಹಾಗೇ ಉಳಿಯಿತು, ಅದರ ಜೊತೆ ನರ್ಮದಾಬಾಯಿಯೂ.

ರಾಘಣ್ಣನಿಗಂತೂ ಆ ವ್ಯಾನೇ ಹೊಸ ಕಾರ್ಖಾನೆ. ಬೆಳಿಗ್ಗೆ ಹೆಂಡತಿಗಿಂತ ಮೊದಲೇ ಎದ್ದು ಗಾಜು ಒರೆಸಿ, ಟೈರಿಗೆ ಒಂದೊಂದು ಗುದ್ದು ಕೊಟ್ಟು, ಎಂಜಿನ್ನಿಗೆ ಕಿವಿಗೊಟ್ಟು, ಪೋಷಕರ ಫೋನುಗಳಿಗೆ ಉತ್ತರ ಹೇಳುತ್ತ ನಿಲ್ಲುತ್ತಿದ್ದ. ಆಕೆ ಗೇಟು ದಾಟುವವರೆಗೂ ಅಲ್ಲೇ. ಕನ್ನಡಿಯಲ್ಲಿ ಅವನ ಕೈ ಮೇಲೆದ್ದದ್ದು ಕಾಣುತ್ತಿತ್ತು. ಆ ಕೈ ಕಂಡಾಗಲೆಲ್ಲ ನರ್ಮದಾಬಾಯಿಗೆ ಯಾರೋ ಹಿಂದಿನಿಂದ ಕದ ಹಾಕಿಕೊಂಡಂತೆ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಮಾರ್ಚ್ ತಿಂಗಳು ಬಂತು. ಆ ವ್ಯಾನಿನಲ್ಲಿ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೇ. ಸಿಎನ್‌ಜಿ ಹಾಕಿಸಿದ ಮೇಲಂತೂ ಬೇಸಿಗೆಯಲ್ಲಿ ಹಂಚಿನ ಮೇಲೆ ಕೂತ ಹಾಗೆ. ಇದು ಕಟ್ಟಿದ ಕಾರಣವಲ್ಲ, ನಿಜವಾದದ್ದು. ಆಕೆ ಅದನ್ನೇ ಕೈಗೆ ತೆಗೆದುಕೊಂಡಳು.

"ಇನ್ನ ಆ ಸೀಟಿನ ಮ್ಯಾಲ ಕೂಡೂದು ನನ್ನಿಂದ ಆಗೂದಿಲ್ರಿ," ಎಂದಳು, ಚಹಾ ಕೊಡುತ್ತ. "ತೊಡಿ ಸುಟ್ಟ ಹೋಗ್ತಾವ. ಈ ವರ್ಷದ ಸಾಲಿ ಮುಗೀತಂದ್ರ ಸಾಕು."

ಆಕೆ ಹೇಳಬೇಕಾಗಿದ್ದದ್ದು ಆ ಕಡೆಯ ಮಾತನ್ನೇ. ಆದರೆ ರಾಘಣ್ಣನ ಕಿವಿ ಮೊದಲಿನ ಮಾತಿಗೇ ನಿಂತುಬಿಟ್ಟಿತ್ತು. ಚಹಾದ ಬಸಿ ಕೆಳಗಿಟ್ಟ. ಮುಖ ಅರಳಿತು.

"ಅದು ಮ್ಯಾನಿಫೋಲ್ಡಿನ ಬಿಸಿ," ಎಂದ. "ಎಂಜಿನ್ನಿನ ಹೊಗಿ ಎಲ್ಲಾ ಮೊದಲ ಅದರಾಗ ಬಂದು ಬೀಳ್ತದ. ನಿನ್ನ ಸೀಟಿನ ಬುಡಕ್ಕ ಅದ ಅದು. ನೀ ಇಷ್ಟ ದಿವಸ ಬಾಯಿ ಬಿಟ್ಟ ಹೇಳ್ಲಿಲ್ಲಲ್ಲ, ಹುಚ್ಚಿ! ಅದಕ್ಕ ಸುತ್ತೂ ಪಟ್ಟಿ ಬಂದಾವ ಈಗ. ತಡಿ, ನಾ ನೋಡ್ತೀನಿ."

ಪಟ್ಟಿ ಆನ್‌ಲೈನಿನಲ್ಲಿ ಬಂತು. ಗಾಜಿನ ನೂಲಿನಿಂದ ನೇಯ್ದದ್ದು, ನೋಡಲು ಮುರಿದ ಕೈಗೆ ಕಟ್ಟುವ ಬ್ಯಾಂಡೇಜಿನಂತೆ. ಶನಿವಾರ ಶಾಲೆಗೆ ರಜೆ. ರಾಘಣ್ಣ ಪಾರ್ಕಿಂಗಿನಲ್ಲಿ ಸೀಟು ಎತ್ತಿ, ಮೇಲಿನ ತಗಡು ಬಿಚ್ಚಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಹೊಡೆದು ಮ್ಯಾನಿಫೋಲ್ಡನ್ನು ಹೊರತೆಗೆದ. ಹಳೆಯ ಪೇಪರಿನ ಮೇಲೆ ಇಟ್ಟಾಗ ಅದು ಗಂಟುಗಂಟಾದ ಬೆರಳುಗಳ ಮುದಿ ಕೈಯಂತೆ ಕಾಣುತ್ತಿತ್ತು. ತಂತಿ ಬ್ರಷ್ಷಿನಿಂದ ಉಜ್ಜಿದ. ಪಟ್ಟಿಯನ್ನು ನೆನೆಸಿ ಸುತ್ತಿದರೆ ಬಿಗಿಯಾಗಿ ಕೂರುತ್ತದೆಂದು ಬಚ್ಚಲಿನ ಬಕೆಟ್ಟು ತಂದು ಅದರಲ್ಲೇ ನೆನೆಹಾಕಿದ. ಅದು ನರ್ಮದಾಬಾಯಿ ಮಡಿನೀರಿಗೆ ಇಟ್ಟುಕೊಂಡಿದ್ದ ಬಕೆಟ್ಟು. ಗಾಜಿನ ಎಳೆ ಉಳಿದಿರಬಹುದೆಂದು ಗೊತ್ತಿಲ್ಲದೆ ಅದರ ನೀರು ಮುಟ್ಟಿ ಆಕೆ ಆ ದಿನವೆಲ್ಲ ಮೊಣಕೈ ತುರಿಸಿಕೊಂಡಳು.

ಮೂಲೆ ಗ್ಯಾರೇಜಿನ ಕಿಶೋರ ನೋಡಲು ಬಂದ. ಅವನೂ ಬೆಳಗಾವಿ ಕಡೆಯವನೇ.

"ಕಾಕಾ, ಇದನ್ನ ಹಿಂಗ ಸುತ್ತಿ ಕಟ್ಟಿದ್ರ ಬಿಸಿ ಹೊರಗ ಹೋಗೂದಿಲ್ಲ. ಒಳಗ ಕೂಡ್ತದ. ಬೀಡಿನ ಕಬ್ಬಿಣ ಅದ, ಒಡದ ಗಿಡದೀತು."

"ಒಳಗ ಕೂಡೂದಲ್ಲೋ, ಪೈಪಿನ್ಯಾಗ ಮುಂದ ಹೋಗ್ತದ," ಎಂದ ರಾಘಣ್ಣ, ಅರ್ಧರ್ಧ ಮೇಲೆ ಬರುವಂತೆ ಪಟ್ಟಿ ಸುತ್ತುತ್ತ, ಸ್ಟೀಲಿನ ಪಟ್ಟಿಯನ್ನು ಪಕ್ಕಡದಿಂದ ಎಳೆದು ಬಿಗಿಯುತ್ತ. "ನಿಮ್ಮ ಕಾಕೂಗ ತಂಪ ಆದ್ರ ಸಾಕು."

ನರ್ಮದಾಬಾಯಿ ಜಿನೆಯ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡಿದಳು. ಗಂಡ ಗ್ಲೌಸು ಹಾಕಿಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬೆವರು ಸುರಿಸುತ್ತ ಸುತ್ತುತ್ತಿದ್ದಾನೆ. ಎಲ್ಲಾ ತನಗಾಗಿ. ಆಕೆಗೆ ಸಿಟ್ಟು ಬಂತು, ಕರುಣೆಯೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಸುಮ್ಮನೆ ನಿಲ್ಲಬೇಕಷ್ಟೆ.

ಸಂಜೆ ಅವನು ಎಲ್ಲ ಜೋಡಿಸಿಟ್ಟು ಬೆಳಗಾವಿಗೆ ಹೊರಟ. ಅಣ್ಣನ ಮೊಮ್ಮಗನ ಮುಂಜಿವಿ. ವ್ಯಾನಿನ ಮಕ್ಕಳ ಪರೀಕ್ಷೆ ಇದ್ದುದರಿಂದ ನರ್ಮದಾಬಾಯಿಗೆ ಅದಕ್ಕೂ ಹೋಗಲು ಆಗಲಿಲ್ಲ. ಹೊರಡುವಾಗ ರಾಘಣ್ಣ ಹೇಳಿದ, "ಪಟ್ಟಿ ಇನ್ನೂ ಹಸಿ ಅದ. ನಾಳೆ ಬಯಲಾಗ ನಿಲ್ಲಿಸಿ ಅರ್ಧ ತಾಸು ಎಂಜಿನ್ ಚಾಲೂ ಇಡು. ಮೊದಲನೇ ಸಲ ಕಾಯೂ ಮುಂದ ಹೊಗಿ ಬರ್ತದ, ಅಂಜಬ್ಯಾಡ. ಹೊಗಿ ನಿಂತ ಮ್ಯಾಲ ಬಂದ್ ಮಾಡು. ಅದಾಗೂತನಾ ಹುಡುಗರನ್ನ ಕೂಡಿಸಬ್ಯಾಡ."

ಭಾನುವಾರ ಮನೆಯಲ್ಲಿ ಯಾರೂ ಇಲ್ಲ. ನರ್ಮದಾಬಾಯಿ ಊಟ ಮಾಡಿ, ಹಾಲ್‌ನ ಫರಸಿಯ ಮೇಲೆ ಬರಿ ನೆಲಕ್ಕೆ ಒರಗಿದಳು. ಒಂದು ಗಳಿಗೆ ಮಲಗಿ ಏಳೋಣ ಅಂದುಕೊಂಡಳು. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಏಳಬೇಕು ಅನ್ನಿಸಲಿಲ್ಲ. ವ್ಯಾನು ಕೆಳಗೆ ನಿಂತಿದೆ, ನಿಲ್ಲಲಿ. ಭಾನುವಾರವೂ ಅದರ ಸೇವೆಯೇ? ಮತ್ತೆ ಮಗ್ಗಲು ಬದಲಿಸಿ ಕಣ್ಣು ಮುಚ್ಚಿದಳು. ವರ್ಷಗಟ್ಟಲೆ ಆಕೆ ಇಷ್ಟು ಸುಖವಾಗಿ ಮಲಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

"ಎಂಜಿನ್ ಕಾಸಿದೇನು?"

"ಹೂಂ."

"ಹೊಗಿ ಬಂತು?"

"ಬಂತು."

"ನಿಂತಿತು?"

"ನಿಂತಿತ್ರಿ."

ಫೋನು ಇಟ್ಟ ಮೇಲೆ ನರ್ಮದಾಬಾಯಿಗೆ ನಾಚಿಕೆಯಾಯಿತು. ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತದೆಂದು ಆಕೆಗೇ ಗೊತ್ತಿರಲಿಲ್ಲ. ಮುಂಜಾನೆ ಬೇಗ ಎದ್ದು ಕಾಯಿಸಿದರಾಯಿತು ಎಂದುಕೊಂಡಳು. ಮುಂಜಾನೆ ಎದ್ದದ್ದೇ ತಡವಾಗಿ.

ಸೋಮವಾರ ಗಡಿಬಿಡಿಯಲ್ಲಿ ಒಂದೊಂದೇ ಓಣಿ ಸುತ್ತಿ ಮಕ್ಕಳನ್ನು ಹತ್ತಿಸಿಕೊಂಡಳು. ಎರಡನೇ ಇಯತ್ತೆಯ ಪೂರ್ವಾ ಯಾವಾಗಿನಂತೆ ಸೀಟಿನ ಹಿಂದೆಯೇ ಕೂತು ಮರಾಠಿ ಮಗ್ಗಿ ಒಪ್ಪಿಸುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲೇ ನರ್ಮದಾಬಾಯಿಗೆ ಒಂದು ವಿಷಯ ಗೊತ್ತಾಯಿತು. ಸೀಟು ತಣ್ಣಗಿದೆ. ತೊಡೆಯ ಕೆಳಗೆ ಬಿಸಿಯ ಸುಳಿವೇ ಇಲ್ಲ. ರಾಘಣ್ಣ ಗೆದ್ದಿದ್ದ. ಅವನ ಕೆಲಸಕ್ಕೆ ಹೆಸರಿಡುವಂತಿಲ್ಲ. ಇನ್ನು ಹೇಳಲು ಏನೂ ಉಳಿದಿಲ್ಲ, ಸೊಂಟವೂ ಇಲ್ಲ, ಕಣ್ಣೂ ಇಲ್ಲ, ಬಿಸಿಯೂ ಇಲ್ಲ. ಅರವತ್ತಾದರೂ, ಎಪ್ಪತ್ತಾದರೂ ತಾನು ಈ ತಂಪಾದ ಸೀಟಿನ ಮೇಲೆ ಕೂತೇ ಇರುತ್ತೇನೆ ಎಂದು ಆಕೆಗೆ ಅನ್ನಿಸಿತು. ಸಿಗ್ನಲ್ಲಿನಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಫ್ಲೈಓವರಿನ ಏರಿನಲ್ಲಿ ಎಂಜಿನ್ನಿಗೆ ಭಾರ ಬಿತ್ತು. ಸೀಟಿನ ಸಂದಿಯಿಂದ ಮೊದಲು ವಾಸನೆ, ಕೂದಲು ಸುಟ್ಟ ಹಾಗೆ. ಹಿಂದೆಯೇ ಬಿಳಿ ಹೊಗೆ ಎದ್ದಿತು. ಇದು ಪಟ್ಟಿಯ ಹೊಗೆ, ತಾನಾಗಿ ನಿಲ್ಲುತ್ತದೆ ಎಂದು ಆಕೆಗೆ ಆ ಕ್ಷಣವೇ ತಿಳಿಯಿತು. ಆದರೆ ಮಕ್ಕಳಿಗೆ ತಿಳಿಯುವುದು ಹೇಗೆ? ಚೀರಾಟ ಶುರುವಾಯಿತು. ಫ್ಲೈಓವರ್ ಇಳಿದು ವ್ಯಾನನ್ನು ಬದಿಗೆ ತಂದು ನಿಲ್ಲಿಸಿ, ಗ್ಯಾಸ್ ಬಂದ್ ಮಾಡಿ, ಬಾಗಿಲು ಜಾರಿಸಿದಳು. "ಘಾಬರೂ ನಕಾ ರೇ ಬಾಳಾನೋ, ಹಾತ್ ಧರಾ," ಹೆದರಬೇಡಿ ಮಕ್ಕಳೇ, ಕೈ ಹಿಡಿಯಿರಿ ಎನ್ನುತ್ತ ಒಬ್ಬೊಬ್ಬರನ್ನೇ ಇಳಿಸಿ ಫುಟ್‌ಪಾತಿನ ಮೇಲೆ ಕೈಕೈ ಹಿಡಿಸಿ ಸಾಲಾಗಿ ನಿಲ್ಲಿಸಿದಳು. ಪೂರ್ವಾಳನ್ನು ಸೊಂಟಕ್ಕೆ ಎತ್ತಿಕೊಂಡಳು. ಅಷ್ಟರಲ್ಲಿ ಜನ ಸೇರಿದರು. ಅವಲಕ್ಕಿ ಪೋಹೆ ಗಾಡಿಯವನು ನೀರು ತಂದ, ಪೆಟ್ರೋಲ್ ಪಂಪಿನವನೊಬ್ಬ ಕೆಂಪು ಸಿಲಿಂಡರು ತಂದು ಬಿಳಿ ಪುಡಿ ಹೊಡೆದ. ಹೊಗೆ, ಹಬೆ, ಪುಡಿ ಎಲ್ಲ ಸೇರಿ ವ್ಯಾನೇ ಕಾಣದಂತಾಯಿತು. ಯಾರೋ ವಿಡಿಯೋ ಮಾಡಿಕೊಳ್ಳುತ್ತಿದ್ದರು.

"ಆಗ್ ನಾಹೀ ಹೋ, ನುಸತಾ ಧೂರ್ ಆಹೇ," ಎಂದು ನರ್ಮದಾಬಾಯಿ ಕೂಗಿದಳು. ಬೆಂಕಿಯಲ್ಲ, ಬರೀ ಹೊಗೆ ಎಂದು. ಯಾರು ಕೇಳಬೇಕು?

ಮಕ್ಕಳು ಬೇರೆ ಗಾಡಿಗಳಲ್ಲಿ ಶಾಲೆ ಸೇರಿ, ವ್ಯಾನು ಪಾರ್ಕಿಂಗಿಗೆ ಮರಳಿದ ಮೇಲೆ, ಆ ಮಧ್ಯಾಹ್ನ ಆಕೆ ಮನೆಯಲ್ಲಿ ಕೂತು ಫೋನಿನ ದಾರಿ ಕಾಯುತ್ತಿದ್ದಳು. ಹೆದರಿದ ಪೋಷಕರು ಇನ್ನು ನಿಮ್ಮ ವ್ಯಾನು ಬೇಡ ಅನ್ನುತ್ತಾರೆ. ಅನ್ನಲಿ. ನಾಚಿಕೆ ಆಗುತ್ತದೆ, ಆಗಲಿ. ಮರ್ಯಾದೆ ಹೋದರೂ ಬಾಗಿಲು ತೆರೆಯುತ್ತದಲ್ಲ. ಬಾಗಿಲು ಬಡಿದದ್ದು ಪೂರ್ವಾಳ ತಾಯಿ ಕೇತಕಿ. ಒಳಗೆ ಬಂದವಳೇ ಕಾಲಿಗೆ ಬಿದ್ದು ಅಳತೊಡಗಿದಳು. ಅವಳ ಫೋನಿನಲ್ಲಿ ವಿಡಿಯೋ ಇತ್ತು. ಉರಿಯುವ ವ್ಯಾನಿನಿಂದ ಮಕ್ಕಳನ್ನು ಪಾರುಮಾಡಿದ ಕಾಕು ಎಂದು ಅದರ ಕೆಳಗೆ ಬರೆದಿತ್ತು. ಅದಾಗಲೇ ಊರೆಲ್ಲ ಸುತ್ತಿ ನಾಶಿಕದ ಮಗಳಿಗೂ ಮುಟ್ಟಿತ್ತು. ನರ್ಮದಾಬಾಯಿ ಹಾಗೇನಿಲ್ಲಮ್ಮಾ, ಹಾಗೇನಿಲ್ಲ ಎಂದಷ್ಟೂ ಕೇತಕಿ ಇನ್ನೂ ಹೆಚ್ಚು ಅತ್ತಳು. ಗಾಡಿ ಎಂಥದೇ ಇರಲಿ, ನಡೆಸುವವರು ನೀವಾದರೆ ನನ್ನ ಮಗಳನ್ನು ಕಣ್ಣು ಮುಚ್ಚಿ ಕಳಿಸುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಹೋದಳು.

ಮಂಗಳವಾರ ರಾಘಣ್ಣ ಬಂದ. ಚೀಲ ಇಟ್ಟವನೇ ಪಾರ್ಕಿಂಗಿಗೆ ಇಳಿದು ಸೀಟು ಎತ್ತಿದ. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದ. ಪಟ್ಟಿಯ ಮೇಲೆ ಬೆರಳು ಆಡಿಸಿದ. ನರ್ಮದಾಬಾಯಿ ಪಕ್ಕದಲ್ಲಿ ನಿಂತಿದ್ದಳು.

"ಇದು ನಿನ್ನೇನ ಮೊದಲನೇ ಸಲ ಕಾದದ," ಎಂದ.

ಆಕೆ ಅವನ ಕೈಯಿಂದ ಟಾರ್ಚು ತೆಗೆದುಕೊಂಡು ಆರಿಸಿದಳು.

"ನಿದ್ದಿ ಹತ್ತಿತ್ತೇನು?"

"ಹೂಂ."

ಬೈಯಲಿ ಎಂದು ಕಾದಳು. ಒಂದು ಸಲ ಬೈದರೆ ತಾನೂ ತಿರುಗಿ ಬೈಯಬಹುದು, ಆ ಜಗಳದಲ್ಲಿ ಎಲ್ಲವನ್ನೂ ಹೇಳಿಬಿಡಬಹುದು. ರಾಘಣ್ಣ ಸೀಟು ಇಳಿಸಿ ಕೈ ಒರೆಸಿಕೊಂಡ. "ಇರ್ಲಿ ಬಿಡು. ದಣದಿದ್ದಿ. ಯಾರ ಮುಂದೂ ಹೇಳಬ್ಯಾಡ, ನಾ ಸಂಭಾಳಸ್ತೀನಿ," ಎಂದ.

ಸಂಭಾಳಿಸಿಯೂ ಬಿಟ್ಟ. ಶಾಲೆಯವರಿಗೆ ವ್ಯಾನು ತೋರಿಸಿದ, ಕಿಶೋರನಿಂದ ತಪಾಸಣೆ ಮಾಡಿಸಿದ, ಅವನನ್ನೇ ಸ್ಟೇರಿಂಗಿಗೆ ಕೂರಿಸಿ ಪೋಷಕರನ್ನು ಒಬ್ಬೊಬ್ಬರಾಗಿ ಓಡಾಡಿಸಿದ. ಗುರುವಾರದ ಹೊತ್ತಿಗೆ ವ್ಯಾನು ಮತ್ತೆ ರಸ್ತೆಯಲ್ಲಿತ್ತು, ಸೀಟು ತಣ್ಣಗಿತ್ತು. ಶುಕ್ರವಾರ ಊಟಕ್ಕೆ ಕೂತಾಗ ನರ್ಮದಾಬಾಯಿ ಬಾಯಿ ತೆರೆದಳು.

"ಜೂನ್‌ದಿಂದ ನಾ ವ್ಯಾನ್ ಓಡಸೂದಿಲ್ರಿ."

"ಈಗೂ ಬಿಸಿ ಹತ್ತತದೇನು?"

"ಇಲ್ಲ. ತಂಪ ಅದ."

"ಮತ್ತ?" ಎಂದ ರಾಘಣ್ಣ. ನಿಜವಾಗಿಯೂ ಗೊತ್ತಾಗದೆ ಕೇಳಿದ. ಕೈಯಲ್ಲಿನ ತುತ್ತು ಹಾಗೇ ಇತ್ತು. ನರ್ಮದಾಬಾಯಿ ಆ ಮುಖ ನೋಡಿ, ಏನೂ ಇಲ್ಲ, ಉಣ್ರಿ ಎಂದಳು. ಆಮೇಲೆ ಒಲೆಯ ಮುಂದೆ ನಿಂತು ತನ್ನ ನಾಲಿಗೆಗೆ ತಾನೇ ಶಾಪ ಹಾಕಿದಳು.

ಪುಣೆಯಲ್ಲಿ ಯಾರಾದರೂ ಒಂದು ಒಳ್ಳೆಯ ಕೆಲಸ ಮಾಡಿದರೆ ಶಾಲು, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡದೆ ಬಿಡುವುದಿಲ್ಲ. ಶನಿವಾರ ಸಂಜೆ ಸೊಸೈಟಿಯ ಹಾಲ್‌ನಲ್ಲಿ ಅದೂ ಆಯಿತು. ಕೇತಕಿಯ ಗಂಡ ಅಮೇಯ, ಮಗರಪಟ್ಟಾದ ಕಂಪನಿಯಿಂದ ಬೇಗ ಬಂದು ಮೈಕು ಹಿಡಿದಿದ್ದ. ಮಕ್ಕಳು ಗುಲಾಬಿ ಕೊಟ್ಟರು. ಕೇತಕಿ ಜರಿಯ ದಪ್ಪ ಶಾಲನ್ನು ನರ್ಮದಾಬಾಯಿಯ ಹೆಗಲ ಸುತ್ತ ಹೊದಿಸಿದಳು. ಮೇಲೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಶಾಲು ತೆಗೆಯುವಂತಿಲ್ಲ, ಫೋಟೋ ನಡೆದಿತ್ತು. ಬೆನ್ನಿನಲ್ಲಿ ಬೆವರು ಹರಿಯುವುದು ಆಕೆಗೆ ತಿಳಿಯುತ್ತಿತ್ತು. ಮುಂದಿನ ಸಾಲಿನಲ್ಲಿ ರಾಘಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದ.

ಅಮೇಯ ಇನ್ನೊಂದು ಸಂತೋಷದ ಸುದ್ದಿ ಎಂದ. ಮಕ್ಕಳೆಲ್ಲರ ಜೂನ್‌ನ ಹೆಸರು ಆಗಲೇ ನಮೂದಾಗಿದೆ, ಹೊಸಬರೂ ಕಾಯುತ್ತಿದ್ದಾರೆ, ರಾಘಣ್ಣಕಾಕಾ ಎಲ್ಲರಿಗೂ ಒಪ್ಪಿಗೆ ಕೊಟ್ಟಿದ್ದಾರೆ. ಚಪ್ಪಾಳೆ ಬಿತ್ತು. ಕಾಕು ಎರಡು ಮಾತು ಆಡಬೇಕು ಎಂದು ಮೈಕನ್ನು ಆಕೆಯ ಕೈಗೆ ಕೊಟ್ಟ.

ನರ್ಮದಾಬಾಯಿ ಎದ್ದು ನಿಂತಳು. ಹೊಸಬರೂ ಕಾಯುತ್ತಿದ್ದಾರೆ ಎಂಬ ಮಾತು ಕಿವಿಯಲ್ಲೇ ಇತ್ತು. ಈಗ ಕೂತರೆ ಇನ್ನು ಏಳುವುದಿಲ್ಲ ಎಂದು ಖಾತ್ರಿಯಾಯಿತು. ಮರಾಠಿಯಲ್ಲಿ, ನಿಧಾನವಾಗಿ, ಎಲ್ಲವನ್ನೂ ಹೇಳಿದಳು. ಬೆಂಕಿ ಬಿದ್ದಿರಲಿಲ್ಲ. ಎಂಜಿನ್ನಿಗೆ ಹೊಸದಾಗಿ ಸುತ್ತಿದ ಪಟ್ಟಿ ಮೊದಲ ಸಲ ಕಾಯುವಾಗ ಹೊಗೆ ಬಿಡುತ್ತದೆ. ಅದನ್ನು ಭಾನುವಾರವೇ ಕಾಯಿಸಬೇಕಿತ್ತು. ನಾನು ಮಲಗಿದ್ದೆ, ಕಾಯಿಸಿದೆ ಎಂದು ಇವರಿಗೆ ಸುಳ್ಳು ಹೇಳಿದೆ. ನಿಮ್ಮ ಮಕ್ಕಳು ಅತ್ತದ್ದು ನನ್ನಿಂದ. ನನಗೆ ಸಾಕಾಗಿದೆ. ಜೂನ್‌ನಿಂದ ನಾನು ವ್ಯಾನು ಓಡಿಸುವುದಿಲ್ಲ.

ನರ್ಮದಾಬಾಯಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಅಷ್ಟರಲ್ಲಿ ಕೇತಕಿ ಕಣ್ಣು ತುಂಬಿಕೊಂಡು ಬಂದು ಅಪ್ಪಿಕೊಂಡಳು. "ಕಿತೀ ಮೋಠಂ ಮನ್ ಆಹೇ ಕಾಕೂಂಚಂ!" ಎಷ್ಟು ದೊಡ್ಡ ಮನಸ್ಸು ಎಂದಳು. ಹಿಂದಿನ ಸಾಲಿನಿಂದ ಯಾರೋ, ನೋಡಿ, ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದರು. ಅಮೇಯ ಮೈಕು ತೆಗೆದುಕೊಂಡು, ಕಾಕು ಬಹಳ ದಣಿದಿದ್ದಾರೆ, ಬೇಸಿಗೆ ರಜೆಯಲ್ಲಿ ಚೆನ್ನಾಗಿ ವಿಶ್ರಾಂತಿ ಪಡೆಯಲಿ, ಜೂನ್‌ನಲ್ಲಿ ನಾವೆಲ್ಲ ಗೇಟಿನ ಹತ್ತಿರ ಹಾಜರು ಎಂದ. ನಗು, ಮತ್ತೆ ಚಪ್ಪಾಳೆ. ಈ ಸಲ ಎದ್ದು ನಿಂತು ಹೊಡೆದರು. ಮಕ್ಕಳು ಕಾಕು, ಕಾಕು ಎಂದು ಕೂಗಿದರು.

ರಾಘಣ್ಣ ಒಬ್ಬನೇ ಚಪ್ಪಾಳೆ ಹೊಡೆಯಲಿಲ್ಲ. ಕೈಗಳು ತೊಡೆಯ ಮೇಲೇ ಇದ್ದವು. ಅವನು ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಇಬ್ಬರೂ ತಮ್ಮ ಕಟ್ಟಡದ ಕಡೆ ನಡೆದರು. ಶಾಲು ಆಕೆಯ ಕೈಯಲ್ಲಿ, ತೆಂಗಿನಕಾಯಿ ಅವನ ಕೈಯಲ್ಲಿ.

"ಸಾಕಾಗೇದ ಅಂತ ಮೊದಲ ನನ್ನ ಮುಂದ ಹೇಳಬಾರದಾಗಿತ್ತೇನು?" ಎಂದ ರಾಘಣ್ಣ.

"ಹೇಳಿದ್ದೆನಲ್ರಿ. ಸೊಂಟ ಅಂದೆ, ಕಣ್ಣು ಅಂದೆ, ಬಿಸಿ ಅಂದೆ."

"ನೀ ಬಿಸಿ ಅಂದಿ. ನಾ ಬಿಸಿ ಅಂತನ ತಿಳಕೊಂಡೆ."

ಸೊಸೈಟಿಯ ತೋಟದ ಹತ್ತಿರ ರಾಘಣ್ಣ ನಿಂತ. ನರ್ಮದಾಬಾಯಿ ಕಾದಳು. ಈಗ ಏನಾದರೂ ಒಂದು ಉಪಾಯ ಹೇಳುತ್ತಾನೆ, ಗೇರು ಬದಲಿಸೋಣ, ಎಸಿ ಹಾಕಿಸೋಣ ಅನ್ನುತ್ತಾನೆ ಎಂದು ಕಾದಳು. ಅವನು ತೆಂಗಿನಕಾಯಿಯ ಜುಟ್ಟನ್ನು ಸುಮ್ಮನೆ ತಿರುವುತ್ತಿದ್ದ.

"ಆ ವ್ಯಾನ್ ಇರ್ಲಿಲ್ಲಂದ್ರ," ಎಂದ, ದನಿ ಸಣ್ಣದಾಗಿತ್ತು, "ನಾ ಮುಂಜಾನೆ ಎದ್ದು ಏನ ಮಾಡ್ಲಿ, ನರ್ಮದಾ?"

ಇಷ್ಟು ವರ್ಷ ಆ ವ್ಯಾನಿನಲ್ಲಿ ಸಿಕ್ಕಿಕೊಂಡವಳು ತಾನೊಬ್ಬಳೇ ಎಂದು ಆಕೆ ತಿಳಿದಿದ್ದಳು. ಗಂಡ ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವಿನ ಹಾಗೆ ನಿಂತಿದ್ದ. ಬಾಯಿ ತೆರೆದರೆ ತಾನು ಏನು ಹೇಳುತ್ತೇನೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆಗಲಿ ಬಿಡ್ರಿ, ಇನ್ನೊಂದು ವರ್ಷ ಅನ್ನುತ್ತಾಳೆ. ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

ನರ್ಮದಾಬಾಯಿ ಅವನ ಕೈ ಹಿಡಿದುಕೊಂಡಳು. ಆ ಮಾತು ಹೊರಬೀಳದಂತೆ ತುಟಿ ಬಿಗಿಯಾಗಿ ಕಚ್ಚಿ, ಮೆಟ್ಟಿಲು ಹತ್ತುವವರೆಗೂ ಒಂದು ಮಾತೂ ಆಡದೆ ನಡೆದಳು.